‘ತಂಪಾಗಿಡಿ’ ಎಂಬ ಒಂದು ಸಾಲು ಸಾಲದು

ಮಾನ್ಯ ಸಂಪಾದಕರೇ,

ಇನ್ಸುಲಿನ್, ಕೀಲುವಾತದ ಹೊಸ ಚುಚ್ಚುಮದ್ದುಗಳು, ಕ್ಯಾನ್ಸರ್‌ಗೆ ಕೊಡುವ ಪ್ರತಿಕಾಯ (ಆಂಟಿಬಾಡಿ) ಔಷಧಗಳು, ರೋಗಿಯ ರಕ್ತದ ಜೀವಕೋಶಗಳನ್ನೇ ತೆಗೆದು ತಿದ್ದಿ ಮರಳಿ ಕೊಡುವ ಕಾರ್-ಟಿ ಚಿಕಿತ್ಸೆ. ಇವುಗಳ ಬಗ್ಗೆ ಪತ್ರಿಕೆಗಳಲ್ಲಿ ಈಗ ಬರಹಗಳಿಗೆ ಕೊರತೆಯಿಲ್ಲ. ಬೆಲೆ ಎಷ್ಟು, ಎಷ್ಟು ಜನರಿಗೆ ಗುಣವಾಯಿತು ಎಂಬುದೆಲ್ಲ ವಿವರವಾಗಿ ಬರುತ್ತದೆ. ಸಂಗ್ರಹದ ವಿಷಯಕ್ಕೆ ಬಂದಾಗ ಮಾತ್ರ ‘ತಂಪಾದ ಜಾಗದಲ್ಲಿಡಬೇಕು’ ಎಂಬ ಒಂದೇ ಸಾಲು. ಇಂಥ ಔಷಧಗಳನ್ನು ರೂಪಿಸುವ, ಬೆರೆಸುವ, ರೋಗಿಯವರೆಗೆ ತಲುಪಿಸುವ ಕೆಲಸದಲ್ಲಿರುವ ನಮಗೆ ಆ ಸಾಲು ಕಂಡಾಗಲೆಲ್ಲ ಕಳವಳವಾಗುತ್ತದೆ. ಹೆಪ್ಪುಗಟ್ಟಿದರೆ ಕೆಡುವ ಔಷಧಕ್ಕೆ ‘ತಂಪಾಗಿಡಿ’ ಎಂದಷ್ಟೇ ಬರೆದರೆ ಓದಿದವರು ಅದನ್ನು ಮಂಜುಗಡ್ಡೆಯ ಮೇಲೇ ಇಡುತ್ತಾರೆ. ಹಾಗಾಗಿ ಈ ಪತ್ರ ಸ್ವಲ್ಪ ದೀರ್ಘವಾಗಿದೆ, ದಯವಿಟ್ಟು ಪ್ರಕಟಿಸಿ.

ಮೊದಲು ಗಾತ್ರದ ಲೆಕ್ಕ. ಆಸ್ಪಿರಿನ್ ಅಣುವಿನ ತೂಕ 180. ಇನ್ಸುಲಿನ್‌ನದು ಸುಮಾರು 5,800. ಪ್ರತಿಕಾಯದ್ದು 1,50,000ದ ಆಸುಪಾಸು. ಆಸ್ಪಿರಿನ್ ಮಾತ್ರೆಯನ್ನು ಪುಡಿ ಮಾಡಿದರೂ ಅಣು ಆಸ್ಪಿರಿನ್ ಆಗಿಯೇ ಉಳಿಯುತ್ತದೆ. ಇನ್ಸುಲಿನ್, ಪ್ರತಿಕಾಯಗಳಂಥ ಪ್ರೋಟೀನ್ ಹಾಗಲ್ಲ. ಅದು ಉದ್ದನೆಯ ಸರಪಳಿ, ಒಂದು ನಿರ್ದಿಷ್ಟ ಆಕಾರಕ್ಕೆ ಮಡಚಿಕೊಂಡಿರುತ್ತದೆ. ಔಷಧದ ಗುಣವಿರುವುದೆಲ್ಲ ಆ ಮಡಿಕೆಯಲ್ಲಿ, ಮಡಿಕೆಯನ್ನು ಹಿಡಿದಿರುವ ಬಂಧಗಳೋ ಬಹುಪಾಲು ದುರ್ಬಲ. ಮೊಟ್ಟೆಯ ಬಿಳಿಯನ್ನು ಬೇಯಿಸಿದರೆ ಗಟ್ಟಿಯಾಗುವುದು ಎಲ್ಲರಿಗೂ ಗೊತ್ತು. ಬೆಂಕಿ ಸೋಕಿಸದೆ ಬರೀ ಕಡೆದರೂ ಅದು ಬಿಳಿ ನೊರೆಯಾಗಿ ನಿಲ್ಲುತ್ತದೆ. ಕಡೆಯುವಾಗ ಗಾಳಿ ಮತ್ತು ನೀರು ಸೇರುವ ಮೇಲ್ಮೈಯಲ್ಲಿ ಪ್ರೋಟೀನ್ ಬಿಚ್ಚಿಕೊಳ್ಳುತ್ತದೆ, ಒಳಗೆ ಅಡಗಿದ್ದ ನೀರೊಲ್ಲದ ಭಾಗಗಳು ಹೊರಬಂದು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಔಷಧದ ಸೀಸೆಯನ್ನು ಜೋರಾಗಿ ಕುಲುಕಿದಾಗ ಒಳಗೆ ಆಗುವುದೂ ಇದೇ.

ಹಾಗೆ ಅಂಟಿಕೊಂಡ ಗಂಟುಗಳು ಎರಡು ಬಗೆಯಲ್ಲಿ ತೊಂದರೆ ಕೊಡುತ್ತವೆ. ಗಂಟಾದಷ್ಟು ಔಷಧ ಕೆಲಸಕ್ಕೆ ಬಾರದು, ಇದು ಮೊದಲನೆಯದು. ಎರಡನೆಯದು ಹೆಚ್ಚು ಕಳವಳದ್ದು. ಒಂದೇ ಅಣು ಸಾಲಾಗಿ ಅಂಟಿಕೊಂಡಿದ್ದನ್ನು ಕಂಡರೆ ನಮ್ಮ ದೇಹದ ರಕ್ಷಣಾ ವ್ಯವಸ್ಥೆ ಅದನ್ನು ರೋಗಾಣುವಿನ ಮೈ ಎಂದು ತಿಳಿದು ಔಷಧದ ವಿರುದ್ಧವೇ ಪ್ರತಿಕಾಯ ಹುಟ್ಟಿಸಬಹುದು. ಆಮೇಲೆ ಚೆನ್ನಾಗಿರುವ ಔಷಧ ಕೊಟ್ಟರೂ ನಾಟುವುದಿಲ್ಲ. ಹಾಲು ಕೆಟ್ಟರೆ ಒಡೆಯುತ್ತದೆ, ನಾರುತ್ತದೆ. ಪ್ರೋಟೀನ್ ಔಷಧ ಕೆಟ್ಟರೆ ಅನೇಕ ಸಲ ತಿಳಿನೀರಿನಂತೆಯೇ ಇರುತ್ತದೆ. ಕಣ್ಣಿಗೆ ಕಾಣಬೇಕಾದರೆ ಕಣ ಕಮ್ಮಿಯೆಂದರೂ ಕೂದಲೆಳೆಯ ದಪ್ಪಕ್ಕೆ ಹತ್ತಿರವಿರಬೇಕು. ಔಷಧಗಳ ಗುಣಮಟ್ಟ ನಿಗದಿ ಮಾಡುವ ಅಮೆರಿಕದ ಔಷಧಕೋಶ ಸಣ್ಣ ಚುಚ್ಚುಮದ್ದಿನ ಒಂದು ಸೀಸೆಯಲ್ಲಿ 10 ಮೈಕ್ರಾನ್ (ಮಿ.ಮೀ.ನ ನೂರನೇ ಒಂದು ಭಾಗ) ಮತ್ತು ಅದಕ್ಕಿಂತ ದೊಡ್ಡ ಕಣಗಳು 6,000ಕ್ಕಿಂತ, 25 ಮೈಕ್ರಾನ್ ಮತ್ತು ಅದಕ್ಕಿಂತ ದೊಡ್ಡವು 600ಕ್ಕಿಂತ ಹೆಚ್ಚಿರಬಾರದು ಎನ್ನುತ್ತದೆ. ಅಂದರೆ ‘ಸ್ವಚ್ಛವಾಗಿ ಕಾಣುತ್ತಿದೆ’ ಎಂಬ ಸೀಸೆಯಲ್ಲೂ ಎಣಿಸಬೇಕಾದ ಕಣಗಳು ಇರುತ್ತವೆ.

ಇದನ್ನೆಲ್ಲ ತಡೆಯಲು ಔಷಧದ ಜೊತೆ ಏನೇನು ಹಾಕಿರುತ್ತಾರೆ ಎಂಬುದನ್ನು ಜನ ‘ಕೆಮಿಕಲ್’ ಎಂದು ಅನುಮಾನದಿಂದ ನೋಡುತ್ತಾರೆ. ಪ್ರತಿಕಾಯ ಔಷಧದ ಸೀಸೆಯೊಂದನ್ನು ತೆಗೆದುಕೊಳ್ಳಿ. ಹಿಸ್ಟಿಡಿನ್ ಎಂಬ ಬಫರ್, ಪಿಎಚ್ (ಹುಳಿಯ ಅಳತೆ) ಅನ್ನು 6ರ ಹತ್ತಿರ ಹಿಡಿದಿಡಲು. ಸಕ್ಕರೆ ಅಥವಾ ಟ್ರೆಹಲೋಸ್, ಅಣುವಿನ ಮಡಿಕೆಗೆ ಆಸರೆಯಾಗಲು. ಪಾಲಿಸಾರ್ಬೇಟ್ 20 ಅಥವಾ 80 ಎಂಬ ಸಾಬೂನಿನಂಥ ವಸ್ತು, ಶೇ 0.01ರಿಂದ 0.1ರಷ್ಟು. ಪ್ರೋಟೀನ್‌ಗಿಂತ ಮೊದಲು ತಾನೇ ಹೋಗಿ ಗಾಳಿಯ ಅಂಚಿನಲ್ಲಿ ಕೂತು ಜಾಗ ಬಿಡದಿರುವುದು ಇದರ ಕೆಲಸ. ಈ ಪಾಲಿಸಾರ್ಬೇಟ್ ಕೂಡ ಕಾಲ ಕಳೆದಂತೆ ಒಡೆಯುತ್ತದೆ. ಔಷಧ ತಯಾರಿಸಿದ ಜೀವಕೋಶಗಳಿಂದ ಬಂದ ಕಿಣ್ವ ಎಳ್ಳಷ್ಟು ಉಳಿದಿದ್ದರೂ ಅದನ್ನು ಕತ್ತರಿಸಿ ಕೊಬ್ಬಿನಾಮ್ಲದ ಕಣಗಳನ್ನು ಬಿಡುತ್ತದೆ. ಔಷಧದ ಬಾಳಿಕೆಯ ಅವಧಿ ನಿಗದಿಯಾಗುವುದು ಇಂಥ ಸಣ್ಣ ಲೆಕ್ಕಗಳಿಂದ.

ಆ ‘ಜೊತೆಯ ಸಾಮಾನು’ ಎಷ್ಟು ಮುಖ್ಯ ಎಂಬುದಕ್ಕೆ ಎರಿತ್ರೋಪಾಯಿಟಿನ್ ಪ್ರಕರಣವನ್ನು ಪ್ರತಿಯೊಬ್ಬ ಫಾರ್ಮಸಿ ವಿದ್ಯಾರ್ಥಿಯೂ ಓದಿರಬೇಕು. ಮೂತ್ರಪಿಂಡ ಸೋತವರಿಗೆ ಕೆಂಪು ರಕ್ತಕಣ ಹೆಚ್ಚಿಸಲು ಕೊಡುವ ಪ್ರೋಟೀನ್ ಇದು. 1998ರಲ್ಲಿ ಯುರೋಪಿನಲ್ಲಿ ಮಾರಾಟವಾಗುತ್ತಿದ್ದ ಒಂದು ಎರಿತ್ರೋಪಾಯಿಟಿನ್‌ನಿಂದ ಮನುಷ್ಯರ ರಕ್ತದ ಅಲ್ಬುಮಿನ್ ಎಂಬ ಪ್ರೋಟೀನ್ ತೆಗೆದು, ಅದರ ಜಾಗದಲ್ಲಿ ಪಾಲಿಸಾರ್ಬೇಟ್ 80 ಹಾಕಿದರು. ಉದ್ದೇಶ ಒಳ್ಳೆಯದೇ, ರಕ್ತದ ಮೂಲಕ ಸೋಂಕು ಹರಡುವ ಭಯ ತಪ್ಪಿಸುವುದು. ಔಷಧದ ಅಣು ಅದೇ. ಆದರೆ ಮುಂದಿನ ನಾಲ್ಕೈದು ವರ್ಷಗಳಲ್ಲಿ ನೂರಕ್ಕೂ ಹೆಚ್ಚು ರೋಗಿಗಳ ದೇಹ ಆ ಔಷಧದ ವಿರುದ್ಧ ಪ್ರತಿಕಾಯ ಬೆಳೆಸಿಕೊಂಡಿತು. ಪ್ರತಿಕಾಯ ಔಷಧವನ್ನಷ್ಟೇ ತಡೆಯಲಿಲ್ಲ, ರೋಗಿಯ ದೇಹ ತಾನೇ ತಯಾರಿಸುವ ಎರಿತ್ರೋಪಾಯಿಟಿನ್ ಅನ್ನೂ ತಡೆಯಿತು. ಮೂಳೆಮಜ್ಜೆ ಕೆಂಪುಕಣ ಹುಟ್ಟಿಸುವುದನ್ನೇ ನಿಲ್ಲಿಸಿತು, ಜನ ರಕ್ತ ಏರಿಸಿಕೊಂಡೇ ಬದುಕಬೇಕಾಯಿತು. ಕಾರಣ ಒಂದೇ ಎಂದು ಬೆರಳು ತೋರಿಸಲು ಬರಲಿಲ್ಲ. ಲೇಪನವಿಲ್ಲದ ರಬ್ಬರ್ ಬಿರಡೆಯಿಂದ ಒಸರಿದ ವಸ್ತುಗಳು, ಚರ್ಮದಡಿಗೆ ಚುಚ್ಚುವ ಪದ್ಧತಿ, ಮನೆಗೆ ಒಯ್ಯುವಾಗ ತಪ್ಪಿದ ಶೀತಲ ಸರಪಳಿ, ಎಲ್ಲದರ ಮೇಲೂ ಅನುಮಾನ ಬಂತು. ಬಿರಡೆಗೆ ಟೆಫ್ಲಾನ್ ಬಗೆಯ ಲೇಪನ ಕೊಟ್ಟು, ಮೂತ್ರಪಿಂಡದ ರೋಗಿಗಳಿಗೆ ರಕ್ತನಾಳದ ಮೂಲಕ ಕೊಡಲು ಹೇಳಿ, ಸಾಗಣೆಯನ್ನು ಬಿಗಿ ಮಾಡಿದ ಮೇಲೆ ಪ್ರಕರಣಗಳು ಇಳಿದವು. ಆಮೇಲೆ ಇನ್ನೊಂದು ಎರಿತ್ರೋಪಾಯಿಟಿನ್ ಪ್ರಯೋಗದಲ್ಲಿ ಸಿರಿಂಜ್‌ನ ಗಾಜಿನಲ್ಲಿ ಸೂಜಿ ಕೂರಿಸಲು ರಂಧ್ರ ಮಾಡುವಾಗ ಉಳಿದ ಟಂಗ್‌ಸ್ಟನ್ ಕಣಗಳ ಮೇಲೆ ಸಂಶಯ ಹೋಯಿತು. ಬಿರಡೆ, ಗಾಜು, ಸೂಜಿ ಕೂರಿಸಿದ ರಂಧ್ರ, ಇವೆಲ್ಲ ಔಷಧದೊಳಗೇ ಸೇರಿದವು ಎಂಬುದು ಆಗ ಎಲ್ಲರಿಗೂ ಮನವರಿಕೆಯಾಯಿತು.

ಇನ್ನು ಫ್ರಿಜ್ಜಿನ ವಿಷಯ. ಈ ಔಷಧಗಳಲ್ಲಿ ಬಹುಪಾಲಿಗೆ ಬೇಕಾದದ್ದು 2ರಿಂದ 8 ಡಿಗ್ರಿ ಸೆಲ್ಸಿಯಸ್. ಎಲ್ಲರೂ ಹೆದರುವುದು ಬಿಸಿಗೆ, ಆದರೆ ಬೇಗ ಕೆಡಿಸುವುದು ಹೆಪ್ಪುಗಟ್ಟುವಿಕೆ. ನೀರು ಗಡ್ಡೆಯಾಗುವಾಗ ಶುದ್ಧ ನೀರಷ್ಟೇ ಗಡ್ಡೆಯಾಗುತ್ತದೆ. ಉಪ್ಪು, ಪ್ರೋಟೀನ್ ಎಲ್ಲ ಉಳಿದ ಇಕ್ಕಟ್ಟಿನ ದ್ರವದೊಳಗೆ ತುರುಕಿಕೊಳ್ಳುತ್ತವೆ. ಸೋಡಿಯಂ ಫಾಸ್ಫೇಟ್ ಬಫರ್ ಇದ್ದರೆ ಅದರ ಒಂದು ಅಂಶ ಹರಳಾಗಿ ಬೇರ್ಪಟ್ಟು ಪಿಎಚ್ ಕುಸಿಯುತ್ತದೆ. ಗಡ್ಡೆಯ ಮೇಲ್ಮೈಗಳಲ್ಲಿ ಪ್ರೋಟೀನ್ ಬಿಚ್ಚಿಕೊಳ್ಳುತ್ತದೆ. ಕರಗಿದ ಮೇಲೆ ನೋಡಿದರೆ ಏನೂ ಆಗದಂತೆ ಕಾಣುತ್ತದೆ. ಆದ್ದರಿಂದ ಫ್ರಿಜ್ಜಿನಲ್ಲಿ ಫ್ರೀಜರ್‌ಗೆ ತಾಗಿದ ಮೇಲಿನ ತಟ್ಟೆ, ತಣ್ಣನೆಯ ಗಾಳಿ ಬರುವ ಹಿಂಬದಿ ಗೋಡೆ ಬೇಡ. ತೆರೆದು ಮುಚ್ಚುವ ಬಾಗಿಲೂ ಬೇಡ. ನಡುವಿನ ತಟ್ಟೆಯಲ್ಲಿ, ಪೆಟ್ಟಿಗೆ ಸಮೇತ ಇಡಿ, ಬೆಳಕಿನಿಂದಲೂ ರಕ್ಷಣೆ ಸಿಗುತ್ತದೆ. ಪ್ರಯಾಣದಲ್ಲಿ ಐಸ್‌ಪ್ಯಾಕ್ ಬಳಸುವವರು ಅದನ್ನು ಫ್ರೀಜರ್‌ನಿಂದ ತೆಗೆದ ಕೂಡಲೇ ಔಷಧಕ್ಕೆ ತಾಗಿಸಬಾರದು. ಹೊರಗಿಟ್ಟು, ಅಲುಗಿಸಿದಾಗ ಒಳಗೆ ನೀರು ಕುಲುಕುವ ಸದ್ದು ಕೇಳಿದ ಮೇಲೆ, ನಡುವೆ ಬಟ್ಟೆಯೋ ರಟ್ಟೋ ಇಟ್ಟು ಜೋಡಿಸಬೇಕು. ಬಳಕೆಗೆ ತೆರೆದ ಇನ್ಸುಲಿನ್ ಹೆಚ್ಚಿನವು ಸುಮಾರು 28 ದಿನ ಕೋಣೆಯ ಉಷ್ಣತೆಯಲ್ಲಿ ತಡೆಯುತ್ತವೆ, ಅವುಗಳ ಕಾಗದದಲ್ಲಿ ಬರೆದ ಮಿತಿ ದಾಟದಿದ್ದರೆ. ಒಮ್ಮೆ ಹೆಪ್ಪುಗಟ್ಟಿದ್ದು ಮಾತ್ರ ಒಂದು ದಿನಕ್ಕೂ ಆಗದು.

ಒಣಪುಡಿಯಾಗಿ ಬರುವ ಔಷಧಗಳನ್ನು ಬೆರೆಸುವ ಕ್ರಮವನ್ನು ಹತ್ತಿರದಿಂದ ನೋಡೋಣ. ಕೀಲುವಾತಕ್ಕೆ ಕೊಡುವ ಪ್ರತಿಕಾಯ ಔಷಧ ಇನ್ಫ್ಲಿಕ್ಸಿಮ್ಯಾಬ್‌ನ 100 ಮಿ.ಗ್ರಾಂ ಸೀಸೆಗೆ 10 ಮಿ.ಲೀ. ಶುದ್ಧೀಕರಿಸಿದ ಚುಚ್ಚುಮದ್ದಿನ ನೀರು ಹಾಕಬೇಕು. ನೀರಿನ ಧಾರೆ ಪುಡಿಯ ಬಿಲ್ಲೆಯ ಮೇಲೆ ನೇರವಾಗಿ ಬೀಳದೆ ಸೀಸೆಯ ಗೋಡೆಯ ಮೇಲಿಂದ ಇಳಿಯಬೇಕು. ನಂತರ ಸೀಸೆಯನ್ನು ನಿಧಾನ ಸುತ್ತಿಸಿ, ಕುಲುಕಬೇಡಿ. ನೊರೆ ಬಂದರೆ ಅವಸರ ಮಾಡದೆ 5 ನಿಮಿಷ ನಿಲ್ಲಿಸಿ. ಆಮೇಲೆ 250 ಮಿ.ಲೀ. ಸಲೈನ್‌ಗೆ ಸೇರಿಸುವಾಗ, ಸೇರಿಸುವಷ್ಟೇ ಪ್ರಮಾಣದ ಸಲೈನ್ ಮೊದಲೇ ತೆಗೆದು, ನಿಧಾನ ಬೆರೆಸಿ, 1.2 ಮೈಕ್ರಾನ್ ಅಥವಾ ಅದಕ್ಕಿಂತ ಸಣ್ಣ ರಂಧ್ರದ, ಪ್ರೋಟೀನ್ ಹಿಡಿಯದ ಫಿಲ್ಟರ್ ಮೂಲಕ ಕಮ್ಮಿಯೆಂದರೂ 2 ಗಂಟೆ ಹರಿಸಬೇಕು. ಬೆರೆಸಿದ 3 ಗಂಟೆಯೊಳಗೆ ಶುರುವಾಗಬೇಕು, ಏಕೆಂದರೆ ಅದರಲ್ಲಿ ಸೂಕ್ಷ್ಮಾಣು ತಡೆಯುವ ವಸ್ತುವಿಲ್ಲ. ವಾರ್ಡಿನಲ್ಲಿ ನಾಲ್ಕು ಕಡೆಯಿಂದ ಕರೆ ಬರುವಾಗ ‘ಐದು ನಿಮಿಷ ನಿಲ್ಲಿಸಿ’ ಎಂಬ ಸೂಚನೆ ಮೊದಲು ಬಲಿಯಾಗುತ್ತದೆ ಎಂಬುದು ನಮಗೆ ಗೊತ್ತು. ಅದಕ್ಕೆ ನರ್ಸ್‌ಗಳನ್ನು ದೂರುವುದು ಅನ್ಯಾಯ, ಕೆಲಸದ ಹೊರೆ ಹಾಗಿದೆ. ಬೆರೆಸುವ ಕೆಲಸ ಆದಷ್ಟೂ ಫಾರ್ಮಸಿಯಲ್ಲೇ ನಡೆಯಬೇಕು.

ಡ್ರಿಪ್ ಚೀಲಕ್ಕೆ ಸೇರಿಸಿದಾಗ ಔಷಧದ ಜೊತೆ ಪಾಲಿಸಾರ್ಬೇಟ್ ಕೂಡ ತೆಳುವಾಗುತ್ತದೆ. ಸೀಸೆಯಲ್ಲಿದ್ದ ರಕ್ಷಣೆ ಚೀಲದಲ್ಲಿ ಇರುವುದಿಲ್ಲ. ದೊಡ್ಡ ಆಸ್ಪತ್ರೆಗಳಲ್ಲಿ ಅಂಥ ಚೀಲವನ್ನು ಗಾಳಿಯ ಒತ್ತಡದಿಂದ ಓಡುವ ಕೊಳವೆ ಸಾಗಣೆಯಲ್ಲಿ ಕಳಿಸಿದರೆ, ಒಳಗಿನ ಗಾಳಿ ಮತ್ತು ದ್ರವ ಒಟ್ಟಿಗೆ ಅಲ್ಲಾಡಿ ನೊರೆಗಟ್ಟುತ್ತವೆ. ಕೈಯಲ್ಲಿ ಒಯ್ದರೆ ಹತ್ತು ನಿಮಿಷ ತಡವಾಗಬಹುದು, ಆಗಲಿ.

ಯಾವ ದ್ರವದಲ್ಲಿ ಬೆರೆಸಬೇಕು ಎಂಬುದಂತೂ ಊಹೆಗೆ ಬಿಡುವ ವಿಷಯವೇ ಅಲ್ಲ. ಸ್ತನ ಕ್ಯಾನ್ಸರ್‌ಗೆ ಕೊಡುವ ಟ್ರಾಸ್ಟುಜುಮ್ಯಾಬ್ ಅನ್ನು ಸಲೈನ್‌ನಲ್ಲಷ್ಟೇ ಬೆರೆಸಬೇಕು, ಗ್ಲೂಕೋಸ್ ದ್ರವದಲ್ಲಿ ಅದು ಗಂಟುಕಟ್ಟುತ್ತದೆ. ಅದೇ ಪ್ರತಿಕಾಯಕ್ಕೆ ಕ್ಯಾನ್ಸರ್ ಕೊಲ್ಲುವ ಅಣು ಅಂಟಿಸಿದ ಟ್ರಾಸ್ಟುಜುಮ್ಯಾಬ್ ಡೆರಕ್ಸ್‌ಟೆಕಾನ್‌ಗೆ ತದ್ವಿರುದ್ಧ: ಶೇ 5ರ ಗ್ಲೂಕೋಸ್ ಮಾತ್ರ, ಸಲೈನ್ ಕೂಡದು. ಮೂರನೆಯದು ಟ್ರಾಸ್ಟುಜುಮ್ಯಾಬ್ ಎಮ್‌ಟಾನ್ಸಿನ್, ಅದಕ್ಕೆ ಮತ್ತೆ ಸಲೈನ್. ಪ್ರಮಾಣದಲ್ಲೂ ವ್ಯತ್ಯಾಸ ದೊಡ್ಡದು. ಮೂರು ವಾರಕ್ಕೊಮ್ಮೆ ಕೊಡುವ ಲೆಕ್ಕದಲ್ಲಿ ಮೊದಲನೆಯದಕ್ಕೆ ಮುಂದುವರಿಕೆಯ ಪ್ರಮಾಣ ಕಿಲೋಗೆ 6 ಮಿ.ಗ್ರಾಂ, ಎಮ್‌ಟಾನ್ಸಿನ್‌ಗೆ 3.6, ಸ್ತನ ಕ್ಯಾನ್ಸರ್‌ನಲ್ಲಿ ಡೆರಕ್ಸ್‌ಟೆಕಾನ್‌ಗೆ 5.4. ಹೆಸರಿನ ಅರ್ಧ ಬರೆದು ಬಿಟ್ಟ ಚೀಟಿ ಪ್ರಾಣಕ್ಕೆ ಎರವಾಗಬಹುದು. ವೈದ್ಯರು ಪೂರ್ತಿ ಹೆಸರು ಬರೆಯಲಿ. ಪತ್ರಿಕೆಯವರೂ ಈ ಮೂರನ್ನು ಒಂದೇ ಹೆಸರಿನಲ್ಲಿ ಸೇರಿಸಿ ಬರೆಯದಿರಲಿ.

ಇವನ್ನು ಮಾತ್ರೆಯಾಗಿ ಯಾಕೆ ಕೊಡುವುದಿಲ್ಲ ಎಂದು ಕೇಳುವವರಿದ್ದಾರೆ. ಹೊಟ್ಟೆಗೆ ಪ್ರೋಟೀನ್ ಎಂದರೆ ಆಹಾರ, ಜೀರ್ಣಿಸಿಬಿಡುತ್ತದೆ. ಮಧುಮೇಹದ ಸೆಮಾಗ್ಲುಟೈಡ್ ಮಾತ್ರೆ 2019ರಲ್ಲಿ ಬಂತು, ನಿಜ. ಅದು ಪ್ರತಿಕಾಯಕ್ಕಿಂತ ಬಹಳ ಚಿಕ್ಕ ಅಣು, ಜೊತೆಗೆ ಹೀರಿಕೆಗೆ ನೆರವಾಗುವ 300 ಮಿ.ಗ್ರಾಂ ವಸ್ತು. ಹಾಗಿದ್ದೂ ರಕ್ತಕ್ಕೆ ಸೇರುವುದು ಸುಮಾರು ಶೇ 1ರಷ್ಟೇ. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ, 120 ಮಿ.ಲೀ. ಮೀರದ ನೀರಿನಲ್ಲಿ ನುಂಗಿ, ಅರ್ಧ ಗಂಟೆ ಏನೂ ತಿನ್ನದೆ ಇರಬೇಕೆಂಬ ನಿಯಮ ಅದಕ್ಕಾಗಿಯೇ. ಒಂದು ಲೋಟ ತುಂಬ ನೀರು ಕುಡಿದರೆ ಆ ಒಂದಂಶವೂ ಕೈತಪ್ಪಬಹುದು.

ಹಾಗಾಗಿ ಸೂಜಿಯೇ ದಾರಿ. ಚರ್ಮದಡಿಗೆ ಒಮ್ಮೆಗೆ ಸಲೀಸಾಗಿ ಹೋಗುವುದು 1–2 ಮಿ.ಲೀ. ಬೇಕಾದ ಪ್ರತಿಕಾಯವೋ ನೂರಾರು ಮಿ.ಗ್ರಾಂ. ಒಂದು ಮಿ.ಲೀ.ಗೆ 100–150 ಮಿ.ಗ್ರಾಂ ತುಂಬಿಸಿದರೆ ದ್ರವ ಮಂದವಾಗತೊಡಗುತ್ತದೆ, ಸಪೂರ ಸೂಜಿಯಲ್ಲಿ ಹಾಯುವುದು ಕಷ್ಟ. ಇದಕ್ಕೊಂದು ಒಳ್ಳೆಯ ಉಪಾಯವೆಂದರೆ ಹೈಅಲ್ಯುರೊನಿಡೇಸ್ ಕಿಣ್ವ. ಚರ್ಮದಡಿಯ ಜೆಲ್ಲಿಯಂಥ ವಸ್ತುವನ್ನು ತಾತ್ಕಾಲಿಕವಾಗಿ ಸಡಿಲಿಸಿ ಅದು ಜಾಗ ಮಾಡಿಕೊಡುತ್ತದೆ. ಕ್ಯಾನ್ಸರ್‌ಗೆ ಕೊಡುವ ಪ್ರತಿಕಾಯ ರಿಟುಕ್ಸಿಮ್ಯಾಬ್‌ನ 1,400 ಮಿ.ಗ್ರಾಂ, ಅಂದರೆ 11.7 ಮಿ.ಲೀ., ಸುಮಾರು 5 ನಿಮಿಷದಲ್ಲಿ ಹೊಟ್ಟೆಯ ಚರ್ಮದಡಿಗೆ ಹೋಗುತ್ತದೆ. ಅದನ್ನೇ ಡ್ರಿಪ್‌ನಲ್ಲಿ ಕೊಟ್ಟರೆ ಗಂಟೆಗಟ್ಟಲೆ. ಮನೆಯಲ್ಲಿ ತಾವೇ ಚುಚ್ಚಿಕೊಳ್ಳುವ ಆಟೋ-ಇಂಜೆಕ್ಟರ್‌ನವರಿಗೆ ಒಂದು ಮಾತು: ಫ್ರಿಜ್ಜಿನಿಂದ ತೆಗೆದು ಕಾಗದದಲ್ಲಿ ಹೇಳಿದಂತೆ 15–30 ನಿಮಿಷ ಹೊರಗಿಡಿ. ತಣ್ಣಗಿದ್ದರೆ ಉರಿಯುವುದಷ್ಟೇ ಅಲ್ಲ, ದ್ರವ ಮಂದವಿರುವುದರಿಂದ ಒಳಹೋಗಲು ಹೆಚ್ಚು ಹೊತ್ತು ಬೇಕು. ಎಂದಿನ ಲೆಕ್ಕದಲ್ಲಿ ಸೂಜಿ ಎತ್ತಿದವರ ಚರ್ಮದ ಮೇಲೆ ಔಷಧದ ಹನಿ ನಿಂತಿರುತ್ತದೆ. ಬಿಸಿನೀರಿನಲ್ಲಿ ಅದ್ದಿ ಬೆಚ್ಚಗೆ ಮಾಡಲೇಬೇಡಿ.

ಗ್ಲಾರ್ಜಿನ್ ಇನ್ಸುಲಿನ್ ಬಳಸುವವರಿಗೂ ಒಂದು ಎಚ್ಚರಿಕೆ. ಅದರ ಪಿಎಚ್ ಸುಮಾರು 4, ಆ ಹುಳಿಯಲ್ಲಿ ಅದು ಕರಗಿರುತ್ತದೆ. ಚರ್ಮದಡಿಗೆ ಹೋದಾಗ ಪಿಎಚ್ ಏರಿ ಸಣ್ಣ ಹರಳುಗಳಾಗಿ ಕೂತು, ಇಡೀ ದಿನ ಸ್ವಲ್ಪಸ್ವಲ್ಪವಾಗಿ ಕರಗುತ್ತದೆ. ಚುಚ್ಚುವ ಸಂಖ್ಯೆ ಕಡಿಮೆಯಾಗಲೆಂದು ಒಂದೇ ಸಿರಿಂಜ್‌ನಲ್ಲಿ ಬೇರೆ ಇನ್ಸುಲಿನ್ ಬೆರೆಸಿದರೆ ಆ ಹರಳಾಗುವ ಕೆಲಸ ಸಿರಿಂಜ್‌ನೊಳಗೇ ಶುರುವಾಗುತ್ತದೆ.

ಕಾರ್-ಟಿ ಚಿಕಿತ್ಸೆಯಲ್ಲಿ ಇದೆಲ್ಲ ಇನ್ನೂ ಕಠಿಣ, ಏಕೆಂದರೆ ಇಲ್ಲಿ ಔಷಧಕ್ಕೆ ಜೀವವಿದೆ, ಬದಲಿ ಸೀಸೆಯಿಲ್ಲ. 2017ರಲ್ಲಿ ಅಮೆರಿಕದಲ್ಲಿ ಮೊದಲ ಅನುಮತಿ ಸಿಕ್ಕಿತು. ರೋಗಿಯ ರಕ್ತದಿಂದ ಟಿ ಕೋಶ ಎಂಬ ಬಿಳಿಕಣಗಳನ್ನು ಬೇರ್ಪಡಿಸಿ, ಪ್ರಯೋಗಾಲಯದಲ್ಲಿ ಕ್ಯಾನ್ಸರ್ ಕೋಶವನ್ನು ಗುರುತಿಸುವ ಹೊಸ ಗ್ರಾಹಕದ (ರಿಸೆಪ್ಟರ್) ಜೀನ್ ಸೇರಿಸಿ, ಬೆಳೆಸಿ, ಪರೀಕ್ಷಿಸಿ ಮರಳಿಸಲು ಹಲವು ವಾರ ಹಿಡಿಯುತ್ತದೆ. ಸಾಮಾನ್ಯವಾಗಿ ಕೋಶಗಳು ಹೆಪ್ಪುಗಟ್ಟಿದ ಸ್ಥಿತಿಯಲ್ಲಿ ಬರುತ್ತವೆ. ಹೆಪ್ಪುಗಟ್ಟಿಸುವ ವೇಗವೇ ಒಂದು ವಿದ್ಯೆ. ತೀರ ಬೇಗ ತಣಿಸಿದರೆ ಕೋಶದೊಳಗೇ ಮಂಜು ಹರಳು ಹುಟ್ಟಿ ಪೊರೆ ಹರಿಯುತ್ತದೆ, ತೀರ ನಿಧಾನವಾದರೆ ಕೋಶ ನೀರು ಕಳೆದುಕೊಂಡು ಬತ್ತುತ್ತದೆ. ರಕ್ತದ ಇಂಥ ಕೋಶಗಳಿಗೆ ನಿಮಿಷಕ್ಕೆ ಸುಮಾರು 1 ಡಿಗ್ರಿಯಂತೆ ಇಳಿಸುವುದು ರೂಢಿ. ಜೊತೆಗೆ ಶೇ 5–10ರಷ್ಟು ಡಿಎಂಎಸ್ಒ. ಹೆಪ್ಪುಗಟ್ಟುವಾಗ ಕಾಪಾಡುವ ಈ ದ್ರವವೇ ಕರಗಿದ ಮೇಲೆ ಕೋಶಕ್ಕೆ ವಿಷ. ಅವಸರ ಹುಟ್ಟುವುದು ಇಲ್ಲಿಂದ.

ಸಾಗಿಸುವ ಪಾತ್ರೆಯಲ್ಲಿ ದ್ರವ ಸಾರಜನಕ ಹೀರಿಕೊಂಡ ಒಳಪದರವಿರುತ್ತದೆ, ಒಳಗಿನ ಆವಿ ಮೈನಸ್ 150 ಡಿಗ್ರಿಯ ಆಸುಪಾಸಿನಲ್ಲಿ ಹಲವು ದಿನ ನಿಲ್ಲುತ್ತದೆ. ಪಾತ್ರೆಯನ್ನು ಅಡ್ಡ ಮಲಗಿಸಿದರೆ ಆವಿ ಬೇಗ ಸೋರಿ ಆ ದಿನಗಳು ಕಡಿಮೆಯಾಗುತ್ತವೆ. ಲಾರಿಯಲ್ಲಿ ಜಾಗ ಮಾಡಲು ಪಾತ್ರೆ ಉರುಳಿಸುವವರಿಗೆ ಇದನ್ನು ಯಾರಾದರೂ ಮೊದಲೇ ತಿಳಿಸಬೇಕು. ಹಾಸಿಗೆಯ ಪಕ್ಕದಲ್ಲಿ ಕ್ರಮ ಹೀಗಿರಬೇಕು. ಚೀಲ ಇನ್ನೂ ಹೆಪ್ಪುಗಟ್ಟಿರುವಾಗಲೇ ಅದರ ಮೇಲಿನ ಗುರುತು, ರೋಗಿಯ ಕೈಪಟ್ಟಿ ಎರಡನ್ನೂ ಇಬ್ಬರು ಓದಿ ತಾಳೆ ನೋಡಬೇಕು. ರಕ್ತನಾಳದ ದಾರಿ ಸಿದ್ಧ, ಮುಂಚೆ ಕೊಡುವ ಔಷಧ ಕೊಟ್ಟಾಗಿದೆ, ಉರಿಯೂತ ಹೆಚ್ಚಿಸುವ ಸೈಟೊಕೈನ್‌ಗಳು ರಕ್ತದಲ್ಲಿ ಉಕ್ಕಿದರೆ ತಡೆಯಲು ಟೊಸಿಲಿಜುಮ್ಯಾಬ್ ಔಷಧ ಕೈಗೆಟಕುವಲ್ಲಿದೆ ಎಂದು ಖಚಿತವಾದ ಮೇಲಷ್ಟೇ ಚೀಲ ಹೊರಗೆ. ಬಿರುಕಿದ್ದರೆ ನೀರು ಒಳಸೇರದಂತೆ ಇನ್ನೊಂದು ಶುದ್ಧ ಚೀಲದಲ್ಲಿಟ್ಟು, 37 ಡಿಗ್ರಿಯಲ್ಲಿ, ಗಡ್ಡೆ ಮಾಯವಾಗುವವರೆಗೆ, ಕೆಲವೇ ನಿಮಿಷ. ಕರಗಿದ ಮೇಲೆ ತೊಳೆಯುವಂತಿಲ್ಲ, ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸುವಂತಿಲ್ಲ. ಕೆಲವು ಉತ್ಪನ್ನಗಳಿಗೆ 30 ನಿಮಿಷದ ಗಡುವು, ಕೆಲವಕ್ಕೆ 3 ಗಂಟೆ. ರಕ್ತ ಏರಿಸುವಾಗ ಬಿಳಿಕಣ ಸೋಸಲು ಬಳಸುವ ಫಿಲ್ಟರ್ ಇಲ್ಲಿ ಕೂಡದೇ ಕೂಡದು. ಟಿ ಕೋಶವೂ ಬಿಳಿಕಣವೇ, ವಾರಗಟ್ಟಲೆ ಕಾದ ಔಷಧವೆಲ್ಲ ಫಿಲ್ಟರ್‌ನಲ್ಲಿ ಉಳಿದುಬಿಡುತ್ತದೆ. ಕೈಗೆ ಬಂದ ತುತ್ತು ಬಾಯಿಗೆ ಬಾರದಂತಾಗುತ್ತದೆ. ಚೀಲ ಖಾಲಿಯಾದ ಮೇಲೆ ಸಲೈನ್ ಹಾಯಿಸಿ ಅಂಟಿಕೊಂಡ ಕೋಶಗಳನ್ನೂ ರೋಗಿಗೆ ತಲುಪಿಸಬೇಕು. ಆಮೇಲೆ ರೋಗಿಯ ಉಸಿರಿನಲ್ಲಿ ಒಂದು ದಿನ ಬೆಳ್ಳುಳ್ಳಿಯಂಥ ವಾಸನೆ ಬರಬಹುದು. ಅದು ಡಿಎಂಎಸ್ಒದಿಂದ, ಮನೆಯವರು ಗಾಬರಿಯಾಗಬೇಕಿಲ್ಲ.

ಸಂಬಂಧಪಟ್ಟವರಲ್ಲಿ ನಮ್ಮ ಕೋರಿಕೆಗಳಿವು. ಲಸಿಕೆಯ ಸೀಸೆಗಳ ಮೇಲೆ 1996ರಿಂದಲೇ ಬಿಸಿಗೆ ಬಣ್ಣ ಬದಲಿಸುವ ಗುರುತುಚೀಟಿ ಬಂದಿದೆ. ವೃತ್ತದೊಳಗಿನ ಚೌಕ ಸುತ್ತಲಿನ ಬಣ್ಣದಷ್ಟೇ ಗಾಢವಾದರೆ ಆ ಸೀಸೆ ಬಳಸುವಂತಿಲ್ಲ, ಓದು ಬಾರದವರಿಗೂ ಗೊತ್ತಾಗುತ್ತದೆ. ಅದಕ್ಕಿಂತ ಎಷ್ಟೋ ಪಟ್ಟು ದುಬಾರಿಯಾದ ಪ್ರತಿಕಾಯ ಔಷಧಗಳ, ಇನ್ಸುಲಿನ್‌ನ ಪೆಟ್ಟಿಗೆ ಮೇಲೆ ಯಾಕಿರಬಾರದು? ಆ ಚೀಟಿ ಬಿಸಿಯನ್ನಷ್ಟೇ ತೋರಿಸುತ್ತದೆ, ಹೆಪ್ಪುಗಟ್ಟಿದ್ದನ್ನು ತೋರಿಸದು. ಅದಕ್ಕೆ ಬೇರೆ ಸೂಚಕಗಳಿವೆ, ಎರಡೂ ಬೇಕು. ಔಷಧದೊಳಗಿನ ಕಾಗದ ರೋಗಿ ಓದಬಲ್ಲ ಭಾಷೆಯಲ್ಲಿ, ಓದಬಲ್ಲ ಅಕ್ಷರದಲ್ಲಿ ಇರಲಿ. ಪತ್ರಿಕೆಗಳು ಇನ್ಸುಲಿನ್, ಪ್ರತಿಕಾಯಗಳಂಥ ಪ್ರೋಟೀನ್ ಔಷಧದ ಬಗ್ಗೆ ಬರೆಯುವಾಗ ‘ತಂಪಾಗಿಡಿ’ ಎಂಬ ಸಾಲಿನ ಬದಲು ಇಷ್ಟನ್ನಾದರೂ ಅಚ್ಚು ಮಾಡಲಿ: 2ರಿಂದ 8 ಡಿಗ್ರಿ, ಹೆಪ್ಪುಗಟ್ಟಿಸಬೇಡಿ, ಕುಲುಕಬೇಡಿ, ಹೆಪ್ಪುಗಟ್ಟಿದ್ದು ಕರಗಿದರೂ ಬಳಸದೆ ಔಷಧದಂಗಡಿಗೆ ಮರಳಿಸಿ ಕೇಳಿ.

ಇಂತಿ,
ಜೈವಿಕ ಔಷಧಗಳ ತಯಾರಿಕೆ ಮತ್ತು ಆಸ್ಪತ್ರೆ ಫಾರ್ಮಸಿಯಲ್ಲಿ ಕೆಲಸ ಮಾಡುವ ಓದುಗರು